ಕಲ್ಲೆಸೆದ ಕೇಸು

"ಮುಟ್ಬೇಡ! ಆ ಕೈಯಲ್ಲಿ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

ಬೂ ಹಪ್ಸಾರಿ ಕೂಗಿಕೊಂಡ ರಭಸಕ್ಕೆ ನಾನು ಹಿಂದಕ್ಕೆ ಸರಿದು ನಿಂತೆ. ನಾನು ಮುಟ್ಟಲು ಹೋಗಿದ್ದು ಅವರ ಮೈಯನ್ನಲ್ಲ, ಅವರ ಮೊಮ್ಮಗುವನ್ನಲ್ಲ. ಅಂಗ್ಸಾನಾ ಬಡಾವಣೆಯ ಗೇಟಿನ ಒಳಗೆ ಹೊಸದಾಗಿ ತಂದಿಟ್ಟಿದ್ದ ಒಂದು ತಗಡಿನ ಪೆಟ್ಟಿಗೆಯನ್ನು. ಕೆಂಪು ಬಣ್ಣ ಬಳಿದು ಅದರ ಮೇಲೆ ಏನೋ ಬರೆಸಿದ್ದರು. ನನಗೆ ಓದಲು ಬರುವುದಿಲ್ಲ. ಸೊಸೆ ದಾಸಿಯೆಂ ನಾಲ್ಕನೇ ಕ್ಲಾಸಿನವರೆಗೆ ಹೋದವಳು, ಅಕ್ಷರ ಅಕ್ಷರ ಕೂಡಿಸಿ ಓದಿದಳು: "ಹಳೇ ಸೆಲ್ಲು ಇಲ್ಲಿ ಹಾಕಿ, ಭೂಮಿತಾಯಿಯನ್ನು ಕಾಪಾಡಿ."

ಬೂ ಹಪ್ಸಾರಿ ಆ ಬಡಾವಣೆಯ ಮಹಿಳಾ ಸಂಘದ ಅಧ್ಯಕ್ಷೆ. ದೊಡ್ಡ ಹೆಂಗಸರಿಗೆ ನಾವು ಬೂ ಅನ್ನುತ್ತೇವೆ, ದೊಡ್ಡ ಗಂಡಸರಿಗೆ ಪಾಕ್. ಅಲ್ಲಿನ ಕಸದ ತೊಟ್ಟಿಗಳನ್ನು ಕೆದಕಿ, ಬಾಟಲಿ, ರಟ್ಟು, ತಂತಿ ಆರಿಸಿಕೊಂಡು ಹೋಗುವವರು ನಾವು. ಆವತ್ತು ನಮ್ಮನ್ನು ಅವರೇ ಕರೆಸಿದ್ದರು. ಕರೆಸಿದ ಮೇಲೆ ಕೂರಿಸಿ ಒಂದು ಲೋಟ ಟೀ ಕೊಡುತ್ತಾರೇನೋ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಇವತ್ತಿಂದ ತೊಟ್ಟಿಯಲ್ಲಿ ಸೆಲ್ಲು ಸಿಕ್ಕಿದ್ರೆ ನೀವು ತಗೊಂಡು ಹೋಗೋ ಹಾಗಿಲ್ಲ. ಈ ಪೆಟ್ಟಿಗೆಗೆ ಹಾಕ್ಬೇಕು. ಅದು ವಿಷ, ಗೊತ್ತಾ? ನಿಮ್ಮಂಥವರ ಆರೋಗ್ಯಕ್ಕೇ ಅಂತ ನಾವು ಇಷ್ಟೆಲ್ಲ ಮಾಡ್ತಿರೋದು."

"ನಮ್ಗೇಯಾ, ಬೂ?" ಅಂದೆ.

"ಮತ್ತೆ ನನಗಾ?"

ಆಮೇಲೆ ಪಾಠ ಆಯಿತು. ಹಳೇ ಸೆಲ್ಲಿನ ಎರಡೂ ತುದಿಗೆ ಟೇಪು ಅಂಟಿಸಬೇಕು. ಒದ್ದೆ ಮಾಡಬಾರದು. ಬೆಂಕಿಗೆ ಹಾಕಬಾರದು. ಒಡೆಯಬಾರದು. ಅಡುಗೆಮನೆ ಕಸದ ಜೊತೆ ಬೆರೆಸಬಾರದು. ಪೆಟ್ಟಿಗೆಗೇ ಹಾಕಬೇಕು. ಅವರು ಹೇಳುವುದು, ನಾವು ಮದ್ರಸಾದ ಮಕ್ಕಳ ಹಾಗೆ ಒಟ್ಟಿಗೆ ಒಪ್ಪಿಸುವುದು. ಕೊನೆಗೆ ನಮ್ಮಿಬ್ಬರಿಗೂ ಕಿತ್ತಳೆ ಬಣ್ಣದ ಅಂಗಿ ತೊಡಿಸಿ, ಕೈಗೆ ರಬ್ಬರಿನ ಗ್ಲೌಸು ಹಾಕಿಸಿ, ಪೆಟ್ಟಿಗೆಯ ಅಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಫೋಟೊ ಆದ ಮೇಲೆ ಗ್ಲೌಸು ಬಿಚ್ಚಿಸಿಕೊಂಡರು. ಮುಂದಿನ ತಿಂಗಳು ಇನ್ನೊಂದು ಫೋಟೊ ಇತ್ತಂತೆ.

ಗೇಟು ದಾಟಿದ ಮೇಲೆ ದಾಸಿಯೆಂ ಉಗಿದಳು. "ವಿಸ ಮುಟ್ಟಕ್ಕೆ ನಮ್ ಕೈ ಬೇಕು. ಗ್ಲೌಸು ಮಾತ್ರ ಅವಳ ಬೀರೂಗೆ."

"ಬಾಯ್ ಮುಚ್ಕಂಡ್ ನಡಿಯೇ. ಬಸುರಿ ಹೆಂಗ್ಸು ಹಿಂಗೆಲ್ಲ ಬೈಬಾರ್ದು."

"ಬಸುರಿ ಬೈದ್ರೆ ಮಗೀಗೆ ಮಾತು ಬೇಗ ಬತ್ತದೆ ಕಣತ್ತೆ."

ನಾಲ್ಕು ತಿಂಗಳಾಗಿತ್ತು ಅವಳಿಗೆ. ಹಿಂದಿನ ಸಲದ್ದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ನಾನು ಅವಳಿಗೆ ಭಾರದ ಗಾಡಿ ಎಳೆಯಲು ಬಿಟ್ಟಿರಲಿಲ್ಲ.

ಒಂದು ಮಾತು ಹೇಳಿಬಿಡಬೇಕು. ನಮ್ಮ ಮಂದಿ ಸೆಲ್ಲಿಗೆ ಸೆಲ್ಲು ಅನ್ನುವುದಿಲ್ಲ. ಕಲ್ಲು ಅನ್ನುತ್ತೇವೆ. ಟಾರ್ಚಿನ ಕಲ್ಲು, ಗಡಿಯಾರದ ಕಲ್ಲು, ರಿಮೋಟಿನ ಕಲ್ಲು. ಯಾರು ಹಾಗೆ ಹೆಸರಿಟ್ಟರೋ ಗೊತ್ತಿಲ್ಲ. ಜಕಾರ್ತದ ಕಸವೆಲ್ಲ ಬಂದು ಬೀಳುವ ಈ ಗುಡ್ಡದ ಬುಡದಲ್ಲಿ ಇಂಡ್ರಮಾಯುವಿನಿಂದ ಬಂದ ನಮ್ಮಂಥವರೇ ತುಂಬಿದ್ದೇವೆ, ಹಾಗಾಗಿ ಕಲ್ಲು ಅಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಗೇಟಿನ ಆಚೆಯವರಿಗೆ ಆಗುವುದಿಲ್ಲ.

ಪೆಟ್ಟಿಗೆ ತುಂಬಿತು. ಅದರ ಪಕ್ಕ ಚೀಲಗಳು ತುಂಬಿದವು. ನಗರಸಭೆಯಿಂದ ಬರಬೇಕಾಗಿದ್ದ ಗಾಡಿ ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಬರಲೇ ಇಲ್ಲ. ಸೆಲ್ಲುಗಳ ಬಾಯಿಂದ ನೊರೆ ಬಂದು ಗೇಟಿನ ಟೈಲ್ಸಿನ ಮೇಲೆ ಕಲೆಯಾಯಿತು. ಟೈಲ್ಸು ಕೆಟ್ಟ ಮೇಲೆ ಬೂ ಹಪ್ಸಾರಿಗೆ ತಡೆಯಲಿಲ್ಲ. ಹಾಜಿ ರುಹಿಯಾತನನ್ನು ಕರೆಸಿದರು.

ಹಾಜಿ ಅಂದರೆ ನಮ್ಮ ಗುಡಿಸಲುಗಳ ನೆಲದ ಒಡೆಯ. ನಾವು ಆರಿಸಿದ ಗುಜರಿಯನ್ನು ಅವನಿಗೇ ಹಾಕಬೇಕು, ಬೇರೆಯವರಿಗೆ ಮಾರಿದರೆ ಮರುದಿನ ಗುಡಿಸಲಿನ ತಗಡು ಬೀದಿಯಲ್ಲಿರುತ್ತದೆ. "ಸುರಕ್ಷಿತವಾಗಿ ವಿಲೇವಾರಿ ಮಾಡಿಸ್ತೀನಿ ಬೂ, ನೀವು ನಿಶ್ಚಿಂತೆಯಾಗಿರಿ" ಅಂತ ಅಲ್ಲಿ ಹೇಳಿ, ಚೀಲಗಳನ್ನು ಪಿಕಪ್ಪಿಗೆ ಹೇರಿಕೊಂಡು ಸೀದಾ ನಮ್ಮ ಹಟ್ಟಿಗೆ ಬಂದ. ಬಂದವನು ಬಾವಿಯ ಮೇಲುಮಗ್ಗುಲಲ್ಲಿ ಚೀಲ ಇಳಿಸಿದ.

"ತೋಡ್ರೇ ಇಲ್ಲಿ," ಅಂದ. ಕೈಯಲ್ಲಿ ಜಪಸರ ತಿರುಗುತ್ತಲೇ ಇತ್ತು.

"ಪಾಕ್ ಹಾಜಿ, ಬಾವಿ ಮಗ್ಗುಲಲ್ಲೇಯಾ?" ಅಂದೆ. ಗುಡ್ಡದ ಸುತ್ತಲಿನ ಬಾವಿಗಳೆಲ್ಲ ಕಸದ ರಸ ಕುಡಿದು ಎಂದೋ ಕೆಟ್ಟಿದ್ದವು. ಗದ್ದೆಯ ಕಡೆಗಿದ್ದ ಇದೊಂದು ಉಳಿದಿತ್ತು. ಹಟ್ಟಿಯಷ್ಟೂ ಜನ ಕುಡಿಯುತ್ತಿದ್ದುದು, ದಾಸಿಯೆಂ ಕುಡಿಯುತ್ತಿದ್ದುದು ಇದರ ನೀರನ್ನೇ.

"ಬಾವಿ ಯಾರ್ದು?"

"ನಾವ್ ತೋಡಿದ್ದು."

"ನೆಲ ಯಾರ್ದು?"

"ನಿಮ್ದು."

"ನೆಲ ನಂದು ಅಂದ್ಮೇಲೆ ಅದ್ರಾಗಿರೋ ತೂತು ಯಾರ್ದು?"

"ಲೋಕದ್ ತೂತೆಲ್ಲಾ ತನ್ದೇ ಅಂತಾನಲ್ಲಪ್ಪಾ ಈ ಮುದಿ ಗೂಬೆ," ಅಂದಳು ದಾಸಿಯೆಂ ಮೆಲ್ಲಗೆ. ಅಷ್ಟೇನೂ ಮೆಲ್ಲಗಲ್ಲ.

"ಏನಂದ್ಯೇ ಲೌಡಿ?"

"ಬೂಮಿ ಎಲ್ಲಾ ನಿಮ್ದೇ ಅಂದೆ ಪಾಕ್ ಹಾಜಿ."

"ಹಂಗ್ ಬಾ ದಾರಿಗೆ. ತೋಡಿ ಮುಚ್ಚಿ, ಮೇಲೊಂದ್ ಬಾಳೆಗಿಡ ನೆಡಿ. ಆಗಾಕಿಲ್ಲ ಅಂದ್ರೆ ಗುಡ್ಸಲು ಕಿತ್ಕಂಡು ನಡೀರಿ. ನಿಮ್ಮಂತ ನಾಯ್ಗಳು ಜಾಗ ಕೇಳ್ಕಂಡು ದಿನಾ ನನ್ ಬಾಗ್ಲಿಗ್ ಬತ್ತವೆ."

ತೋಡಿದೆವು. ಏನು ಮಾಡುವುದು, ತೋಡಿದೆವು. ಗುದ್ದಲಿಯೂ ನಮ್ಮದೇ.

ಆದರೆ ಹಳೇ ಕಲ್ಲನ್ನು ಹಾಗೇ ಹೂಳುವವರು ನಮ್ಮಲ್ಲಿ ಯಾರೂ ಇಲ್ಲ. ಉಸಿರಿದೆಯೋ ಇಲ್ಲವೋ ನೋಡದೆ ಯಾರಾದರೂ ಮಣ್ಣು ಮಾಡುತ್ತಾರೆಯೇ? ಕಲ್ಲನ್ನು ಹಲ್ಲಿನಲ್ಲಿ ಒಂದು ಸಲ ಕಚ್ಚಿ, ಹಪ್ಪಳ ಹಾಕಿದ ಹಾಗೆ ತಗಡಿನ ಮೇಲೆ ಹರವಿ ಬಿಸಿಲಿಗೆ ಇಡುತ್ತೇವೆ. ಕೆಲವು ಏಳುತ್ತವೆ. ಎದ್ದದ್ದು ಒಂದೆರಡು ದಿನ ಟಾರ್ಚು ಉರಿಸುತ್ತದೆ, ರೇಡಿಯೊ ಹಾಡಿಸುತ್ತದೆ, ಮತ್ತೆ ಮಲಗುತ್ತದೆ. ಮತ್ತೆ ಬಿಸಿಲಿಗೆ. ನಮ್ಮಮ್ಮ ಹೀಗೇ ಮಾಡುತ್ತಿದ್ದಳು, ಅವಳಮ್ಮನೂ ಹೀಗೇ. ಆವತ್ತೂ ಒಂದು ಚೀಲದಷ್ಟನ್ನು ಪಕ್ಕಕ್ಕೆ ತೆಗೆದು ತಗಡಿನ ಮೇಲೆ ಹರವಿದೆವು. ಮಿಕ್ಕದ್ದೆಲ್ಲ ಗುಂಡಿಗೆ ಹೋಯಿತು.

ಮಳೆ ಹಿಡಿಯಿತು. ಮೊದಲು ನೆಟ್ಟ ಬಾಳೆ ಸುಟ್ಟುಕೊಂಡು ಹೋಯಿತು. ಆಮೇಲೆ ಬಾವಿಯ ನೀರು ನಾಣ್ಯ ನೆಕ್ಕಿದ ರುಚಿಗೆ ತಿರುಗಿತು. ಅನ್ನ ಬೂದಿ ಬಣ್ಣಕ್ಕೆ ಬರತೊಡಗಿತು. ಟೀ ಆರಿಸಲು ಇಟ್ಟರೆ ಮೇಲೆ ಕಪ್ಪು ಕೆನೆ ಕಟ್ಟುತ್ತಿತ್ತು. ದಾಸಿಯೆಂ ತಿಂದದ್ದನ್ನೆಲ್ಲ ಕಕ್ಕಿದಳು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಮೊದ್ಲಿನಂಗೆ ಒದೀತಿಲ್ಲ ಕಣವ್ವ. ನೀರ್ ಬದ್ಲಾಯಿಸು," ಅಂದಳು. ನೀರು ಬದಲಾಯಿಸು ಅಂದರೆ ಬಟ್ಟೆ ಬದಲಾಯಿಸಿದ ಹಾಗೆಯೇ? ನನಗೆ ಹೆದರಿಕೆಯಾಯಿತು. ಇನ್ನೊಂದು ಕೂಸನ್ನು ಹೊರಪ್ರಪಂಚ ತೋರಿಸದೆ ಮಣ್ಣಿಗಿಡುವ ಶಕ್ತಿ ನನಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ವಾರ್ಡಿನ ಆಫೀಸಿಗೆ ಹೋದೆವು. ಪಾಕ್ ಸುಗಂದಿ ಅನ್ನುವ ಅಧಿಕಾರಿ ಮೇಜಿನ ಮೇಲೆ ಹುರಿದ ಸೋಯಾಕಾಳಿನ ತೆಂಪೆ ಬಿಲ್ಲೆ ಇಟ್ಟುಕೊಂಡು ಹಸಿಮೆಣಸಿನಕಾಯಿ ಕಡಿಯುತ್ತಿದ್ದ.

"ನಮ್ ಬಾವಿ ಮಗ್ಗುಲಿಗೆ ಕಲ್ ಹಾಕವ್ರೆ ಪಾಕ್," ಅಂದೆ.

"ಹಾಕಿದ್ರೆ ತೆಗೀರಿ."

"ಊಣ್ಬುಟ್ಟವ್ರೆ. ಅದ್ರಿಂದ ನೀರು ವಿಸ ಆಗೈತೆ."

ಅವನು ಕಡಿಯುವುದನ್ನು ನಿಲ್ಲಿಸಿದ. "ನೋಡಮ್ಮ, ಮಾಟ ಮಂತ್ರದ ದೂರು ನಾವು ತಗೊಳ್ಳಲ್ಲ. ಯಾರೋ ಕಲ್ಲು ಮಂತ್ರಿಸಿ ಹೂತಿದ್ರೆ ಯಾವನಾದ್ರೂ ಮಂತ್ರವಾದಿ ಹತ್ರ ಹೋಗಿ ತೆಗೆಸ್ಕೊಳ್ಳಿ. ಇದು ಸರ್ಕಾರಿ ಆಫೀಸು."

"ಮಂತ್ರ ಅಲ್ಲ ಪಾಕ್. ರಿಮೋಟಿನ್ ಕಲ್ಲು."

"ರಿಮೋಟಿಗೂ ಮಂತ್ರ ಹಾಕ್ತಾರಾ ಈಗ?"

"ನಿಮ್ ಟೀವಿ ರಿಮೋಟಿನ್ ಕುಂಡಿ ತೆಗುದ್ರೆ ಒಳಗಿರ್ತದಲ್ಲ, ಅದು!" ಅಂದಳು ದಾಸಿಯೆಂ.

ಆಗ ಗೊತ್ತಾಯಿತು ಅವನಿಗೆ. "ಸೆಲ್ಲು! ಅಂಗ್ಸಾನಾ ಪೆಟ್ಟಿಗೆಯದು!" ಅಂದ. ಕುರ್ಚಿಯಲ್ಲಿ ನೆಟ್ಟಗಾದ. ಗುರುತಿನ ಚೀಟಿ ಕೇಳಿದ. ಇಂಡ್ರಮಾಯುವಿನದು ಅಂದೆವು. "ಹಾಗಾದ್ರೆ ದೂರೂ ಇಂಡ್ರಮಾಯುವಲ್ಲೇ ಕೊಡಿ."

"ಬಾವಿ ಇಲ್ಲೈತಲ್ಲ ಪಾಕ್."

ಅವನು ಗೋಡೆಯ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟು ಹುಡುಕಿದ. "ಇಲ್ಲಿ ಯಾವ ಬಾವಿಯೂ ಇಲ್ಲ. ಮನೆಗಳೂ ಇಲ್ಲ. ಬಯಲು ಅಂತ ಇದೆ. ಇಲ್ಲದ ಬಾವಿ ಕೆಡೋದು ಹೇಗೆ?"

ನಾವು ಬಾಗಿಲು ದಾಟುವ ಮೊದಲೇ ಅವನು ಬೂ ಹಪ್ಸಾರಿಗೆ ಫೋನು ಹಚ್ಚಿದ್ದ. ಅಂಗ್ಸಾನಾ ಬಡಾವಣೆ ಆ ವರ್ಷ ಹಸಿರು ಬಡಾವಣೆ ಸ್ಪರ್ಧೆಗೆ ನಿಂತಿತ್ತು.

ಪರಿಶೀಲನೆಗೆ ಬಂದರು. ಪಾಕ್ ಸುಗಂದಿ ಬಂದ, ಬೂ ಹಪ್ಸಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು, ಹಾಜಿ ಜಪಸರದ ಸಮೇತ ಬಂದ. ಆವತ್ತು ಮಳೆ ಬಿಟ್ಟು ಚೆನ್ನಾಗಿ ಬಿಸಿಲು ಬಂದಿತ್ತು. ಬಿಸಿಲು ಬಂದದ್ದಕ್ಕೆ ನಾವು ಕಲ್ಲುಗಳನ್ನು ತಗಡಿನ ಮೇಲೆ ಹರವಿದ್ದೆವು. ಯಾರಾದರೂ ಹಾಗೇ ಮಾಡುತ್ತಾರೆ.

ಬೂ ಹಪ್ಸಾರಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ನೋಡಿ! ಎಲ್ಲ ನಮ್ಮ ಪೆಟ್ಟಿಗೆಯದು! ನಾವು ಒಂದೊಂದೇ ಕೂಡಿಸಿ ಇಟ್ಟಿದ್ದನ್ನ ಇವರು ಬಿಸಿಲಲ್ಲಿ ಹರಡಿದ್ದಾರಲ್ಲ. ಇದಕ್ಕೇ ನೀರು ಕೆಟ್ಟಿರೋದು. ಅಷ್ಟು ಪಾಠ ಹೇಳಿದೆ ಇವರಿಗೆ!"

"ನಾನೂ ಬಡ್ಕಂಡೆ ಬೂ," ಅಂದ ಹಾಜಿ. "ಕಲ್ಲೆಸ್ದು ಕೈ ಬಚ್ಚಿಟ್ಕಳೋ ಜಾತಿ ಇದು."

"ಗುಂಡೀಲಿರೋದ್ ಅಗ್ದು ನೋಡ್ರಿ ಪಾಕ್!" ದಾಸಿಯೆಂ ಕಾಲಿನಿಂದ ನೆಲ ಒದ್ದು ತೋರಿಸಿದಳು. "ಈ ಬೋಳಿಮಗ ಊಣಿಸ್ದ! ಇಲ್ಲೇ, ಇಲ್ಲೇ ಐತೆ!"

"ನಾವು ನೋಡೋಕೆ ಬಂದಿದ್ದೀವಿ, ಅಗೆಯೋಕಲ್ಲ," ಅಂದ ಪಾಕ್ ಸುಗಂದಿ. ನಕ್ಷೆಯಲ್ಲಿ ಇಲ್ಲದ ಬಾವಿಯೊಳಗೆ ಇಣುಕಿದ. ಥಟ್ಟನೆ ಮೂಗು ಮುಚ್ಚಿಕೊಂಡ. "ಛೆ ಛೆ. ಈ ನೀರು ಕುಡಿಯೋಕೆ ಲಾಯಕ್ಕಿಲ್ಲ. ಮುಚ್ಚಬೇಕು."

"ಗುಂಡಿನಾ?" ಅಂದೆ, ಆಸೆಯಿಂದ.

"ಬಾವೀನ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಇದು ಅದೇ. ಬಾವಿಗೆ ಕಾಂಕ್ರೀಟಿನ ಚಪ್ಪಡಿ ಹಾಕಿಸಿದರು. ಚಪ್ಪಡಿ ಹೊತ್ತವರೂ ನಮ್ಮ ಗಂಡಸರೇ, ನನ್ನ ಮಗನೂ ಒಂದು ಮೂಲೆ ಹಿಡಿದಿದ್ದ. ಗುಂಡಿಯ ಮೇಲೆ ನಿಂತುಕೊಂಡು ಪಾಕ್ ಸುಗಂದಿ ಚಪ್ಪಡಿಯ ಫೋಟೊ ತೆಗೆದುಕೊಂಡ.

ಇಷ್ಟಕ್ಕೇ ಬಿಡಲಿಲ್ಲ. ಕ್ಷಮೆ ಕೇಳುವ ವಿಡಿಯೊ ಬೇಕು ಅಂದರು. ಈಗೆಲ್ಲ ಹಾಗಂತೆ, ಬಡವರು ತಪ್ಪು ಮಾಡಿದರೆ ಫೋನಿನ ಮುಂದೆ ನಿಂತು ಹೇಳಬೇಕು. ದಾಸಿಯೆಂ "ನನ್ ಹ್ಯಾಣ ಯೋಳ್ತದೆ" ಅಂದು ಗುಡಿಸಲಿನೊಳಕ್ಕೆ ಹೋದಳು. ನಾನು ನಿಂತೆ. ಇಲ್ಲದಿದ್ದರೆ ಗುಡಿಸಲು ಉಳಿಯುತ್ತಿರಲಿಲ್ಲ, ಹಾಜಿ ಕಣ್ಣಲ್ಲೇ ಹೇಳಿದ್ದ. ಪಾಕ್ ಸುಗಂದಿ ಹೇಳಿಕೊಟ್ಟ ಹಾಗೆ ಹೇಳಿದೆ. "ನಾನು ಕರ್ಸಿನಾ. ಅರಿವಿಲ್ಲದೆ ಸೆಲ್ಲು ಒಣಗಿಸಿ ನೀರು ಕೆಡಿಸಿದ್ದೇನೆ. ಅಂಗ್ಸಾನಾ ಬಡಾವಣೆಯ ಎಲ್ಲರಲ್ಲೂ ಕ್ಷಮೆ ಕೇಳುತ್ತೇನೆ."

"ಇನ್ನೊಂದ್ಸಲ," ಅಂದರು ಬೂ ಹಪ್ಸಾರಿ. "ಮುಖದಲ್ಲಿ ಪಶ್ಚಾತ್ತಾಪ ಕಾಣ್ತಿಲ್ಲ."

ಇನ್ನೊಂದು ಸಲ ಹೇಳಿದೆ. ಆಗಲೂ ಕಾಣಲಿಲ್ಲವಂತೆ. ಮೂರನೆಯ ಸಲ ಹೊಟ್ಟೆಯುರಿದು ಕಣ್ಣಲ್ಲಿ ನೀರು ಬಂತು. ಅದು ಚೆನ್ನಾಗಿ ಬಂದಿದೆ ಅಂದರು.

ಮರುದಿನದಿಂದ ಹಾಜಿಯ ನೀರಿನ ಗಾಡಿ ಹಟ್ಟಿಗೆ ಬರತೊಡಗಿತು. ನೀರಿನ ದುಡ್ಡನ್ನು ಗುಜರಿ ತೂಕ ಹಾಕುವಾಗ ಹಿಡಿದುಕೊಳ್ಳುತ್ತೇನೆ ಅಂದ. ಒಂದು ಕ್ಯಾನು ನೀರಿಗೆ ಎಷ್ಟು ಹಿಡಿದನೆಂದರೆ, ಕೊಂಡ ನೀರನ್ನು ದಾಸಿಯೆಂ ಒಬ್ಬಳಿಗೇ ಎತ್ತಿಟ್ಟು ನಾವೆಲ್ಲ ಮಳೆನೀರು ಕುಡಿದೆವು. ಅದೂ ಸಾಲಲಿಲ್ಲ. ಬಾಯಾರಿ ಬಾಯಾರಿ ಅವಳ ತುಟಿ ಬಿರಿಯಿತು. ಒಂದು ಬೆಳಿಗ್ಗೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಗು ಒದೆಯುವುದನ್ನೇ ಕಾದು ಕೂತಳು. ಆಮೇಲೆ ಮೆಲ್ಲಗೆ ಒಂದು ಸಲ ಒದೆಯಿತಂತೆ. ಎದ್ದು ಗುದ್ದಲಿ ತಗೊಂಡಳು.

"ಏಳತ್ತೆ. ಕಲ್ ಅಗ್ಯನ."

"ಹಾಜಿ ಗುಡ್ಸಲು ಕೀಳುಸ್ತಾನೆ ಕಣೇ."

"ಕೀಳ್ಸಲಿ. ನೀರಿಲ್ದಿರೋ ತಾವ್ ಗುಡ್ಸಲಿಟ್ಕಂಡು ಏನ್ ನೆಕ್ಕಕಾ?"

ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡು ನಾನೇ ಅಗೆದೆ. ಹಟ್ಟಿಯ ಹೆಂಗಸರು ಒಬ್ಬೊಬ್ಬರೇ ಬಂದು ಕೈಹಾಕಿದರು. ಕಲ್ಲುಗಳು ಕರಗಿ, ಉಬ್ಬಿ, ಕಪ್ಪು ಕಾರಿಕೊಂಡು ಬಂದವು. ಗುಡ್ಡದಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಚೀಲಗಳನ್ನು ಕೈಗೆ ಕಟ್ಟಿಕೊಂಡು ಒರೆಸಿ, ರಟ್ಟಿನ ಡಬ್ಬಗಳಿಂದ ಕಿತ್ತ ಟೇಪನ್ನು ಎರಡೂ ತುದಿಗೆ ಅಂಟಿಸಿದೆವು. ಪಾಠದಲ್ಲಿ ಹೇಳಿದ್ದರಲ್ಲ. ಒದ್ದೆಯಾಗದ ಹಾಗೆ ಟಾರ್ಪಾಲು ಹೊದಿಸಿ ಗಾಡಿಗಳಿಗೆ ಹೇರಿ, ಹಾಡುಹಗಲಲ್ಲಿ ಅಂಗ್ಸಾನಾ ಗೇಟಿಗೆ ಹೋದೆವು.

ಗೇಟಿನ ಸೆಕ್ಯೂರಿಟಿಯವನು ಹೊಸಬ. "ಗಾಡಿಯಲ್ಲಿ ಏನು?" ಅಂದ.

"ಕಲ್ಲು," ಅಂದೆ.

ಅವನು ಗಾಡಿಗಳ ಸಾಲು ನೋಡಿದ. ನಮ್ಮ ಮುಖ ನೋಡಿದ. ಸೀಟಿ ಊದಿಬಿಟ್ಟ. "ಗುಡ್ಡದೋರು ಕಲ್ಲು ತಗೊಂಡು ಬಂದಿದಾರೆ! ಕಲ್ಲು! ಗಾಡಿಗಟ್ಲೆ ಕಲ್ಲು!" ಎಲ್ಲೋ ಒಳಗೆ ಕಳ್ಳರು ಬಂದಾಗ ಬಡಿಯುವ ಬಿದಿರಿನ ಗಂಟೆ ಬಡಿದರು. ಕಾರುಗಳ ಮೇಲೆ ಕಂಬಳಿಗಳು ಬಿದ್ದವು. ದಡದಡನೆ ಬಾಗಿಲು ಹಾಕಿಕೊಂಡರು. ಸೆಕ್ಯೂರಿಟಿಯವನೂ ತನ್ನ ಗೂಡಿನೊಳಗೆ ಹೋಗಿ ಚಿಲಕ ಹಾಕಿಕೊಂಡದ್ದರಿಂದ ಗೇಟು ತೆರೆದೇ ಇತ್ತು. ಒಳಗೆ ಹೋಗಿ ಕೆಂಪು ಪೆಟ್ಟಿಗೆಯ ಮುಂದೆ ಕೂತು, ಒಂದೊಂದೇ ಕಲ್ಲು ಒಳಗೆ ಹಾಕತೊಡಗಿದೆವು.

ಪೊಲೀಸರ ಜೀಪು ಬಂದ ಮೇಲೆ ಬೂ ಹಪ್ಸಾರಿಯೂ ಹೊರಗೆ ಬಂದರು. "ಇಲ್ಲಿ ಹಾಕ್ಬಾರದು! ತಗೊಂಡು ಹೋಗಿ ಇದನ್ನ!"

"ಪೆಟ್ಗೆಗೇ ಹಾಕ್ಬೇಕು ಅಂತ ನೀವೇ ಯೋಳ್ಕೊಟ್ರಲ್ಲ, ಬೂ," ಅಂದೆ. "ಟೇಪೂ ಹಾಕಿವ್ನಿ ನೋಡಿ."

"ಪೆಟ್ಟಿಗೆ ತುಂಬಿದೆ!"

"ನಮ್ ಬಾವಿನೂ ತುಂಬೈತೆ," ಅಂದಳು ದಾಸಿಯೆಂ. "ನಿಮ್ ಮನೆ ಕಲ್ಲು, ನಿಮ್ ಮನೆ ಒಳಗೇ ಮಡಿಕಳಿ."

"ನಮ್ಮ ಮನೆಯಲ್ಲಿ ಮಕ್ಕಳಿದಾರೆ ಕಣಮ್ಮ!"

ದಾಸಿಯೆಂ ಹೊಟ್ಟೆ ಹಿಡಿದುಕೊಂಡು ಎದ್ದಳು. ಪೆಟ್ಟಿಗೆಯ ಹಿಂದೆ ಬಡಾವಣೆಯವರ ಕೊಳವಿತ್ತು, ಒಂದೊಂದೂ ತೋಳುದ್ದದ ಬಣ್ಣಬಣ್ಣದ ಮೀನು. ಕೈಯಲ್ಲಿದ್ದ ಕಲ್ಲನ್ನು ಅದಕ್ಕೆ ಎಸೆದಳು. ಒಂದೇ ಒಂದು. ಗಡಿಯಾರದ್ದು.

ಆಗ ನೋಡಬೇಕಿತ್ತು. ಮುಚ್ಚಿದ ಬಾಗಿಲುಗಳೆಲ್ಲ ತೆರೆದವು. ಗೂಡಿನಿಂದ ಸೆಕ್ಯೂರಿಟಿಯವನು ಬೂಟು ಸಮೇತ ಕೊಳಕ್ಕೆ ಹಾರಿದ. ಲುಂಗಿ ಎತ್ತಿಕೊಂಡು ಒಬ್ಬರು ಹಾರಿದರು. ಬಕೆಟ್ಟು ಬಂತು, ಬಲೆ ಬಂತು, ಒಳ್ಳೆ ನೀರಿನ ಡ್ರಮ್ಮು ಬಂತು. "ಮೊದಲು ದೊಡ್ಡ ಮೀನು ತೆಗೀರಿ! ವಿಷ ಅದು, ವಿಷ!" ಬೂ ಹಪ್ಸಾರಿ ದಡದಲ್ಲಿ ಕೂತು ಅಳುತ್ತಿದ್ದರು. ಅವರ ಮುಖದಲ್ಲಿ ದುಃಖ ಚೆನ್ನಾಗಿಯೇ ಕಾಣುತ್ತಿತ್ತು.

ನಮ್ಮಿಬ್ಬರನ್ನು ಜೀಪು ಹತ್ತಿಸಿದರು.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸಿನವನಿಗೆ ನಿದ್ದೆಗಣ್ಣು. "ಕಲ್ಲೆಸೆದ ಕೇಸು. ಎಷ್ಟು ದೊಡ್ಡ ಕಲ್ಲು?"

"ಗಡಿಯಾರದ್ದು," ಅಂದಳು ದಾಸಿಯೆಂ.

"ಗಡಿಯಾರದಷ್ಟು ದೊಡ್ಡದು," ಅಂತ ಬರೆದುಕೊಂಡ. "ಯಾರಿಗೆ ಗಾಯ?"

"ಮೀನ್ಗೂ ಆಗಿಲ್ಲ."

ಮೂಲೆಯಲ್ಲಿ ನೀರಿನ ಕ್ಯಾನಿತ್ತು, ನಲ್ಲಿಯ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿದ್ದು. ದಾಸಿಯೆಂ ಕೇಳದೆ ಎದ್ದು ಹೋಗಿ ಒಂದು ಲೋಟ ಹಿಡಿದು ಕುಡಿದಳು. ಇನ್ನೊಂದು ಹಿಡಿದಳು. ಕುಡಿಯುತ್ತಲೇ ಹೋದಳು, ನೀರು ಗಲ್ಲದಿಂದ ಇಳಿದು ರವಿಕೆ ತೊಯ್ದರೂ ನಿಲ್ಲಿಸಲಿಲ್ಲ. ನನಗೂ ಒಂದು ತಂದುಕೊಟ್ಟಳು. ಅದಕ್ಕೆ ಏನೂ ರುಚಿಯಿರಲಿಲ್ಲ. ನೀರಿಗೆ ರುಚಿಯಿರಬಾರದು ಅನ್ನುವುದು ನನಗೆ ಮರೆತೇ ಹೋಗಿತ್ತು, ಅಳು ಬಂತು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಮೀನುಗಳೆಲ್ಲ ಚೆನ್ನಾಗಿವೆಯಂತೆ. ಸ್ಪರ್ಧೆಯ ತೀರ್ಪುಗಾರರು ಬರುವ ಹೊತ್ತಿಗೆ ಗಲಾಟೆ ಬೇಡ, ಕೇಸು ಬೇಡ ಅಂದರಂತೆ.

"ಎದ್ದು ಹೋಗಿ," ಅಂದ ಪೊಲೀಸಿನವನು. "ಇನ್ಮೇಲೆ ಹೀಗೆಲ್ಲ ಮಾಡ್ಬೇಡಿ."

"ಓಗಾಕಿಲ್ಲ," ಅಂದಳು ದಾಸಿಯೆಂ.

"ಅಂದ್ರೆ?"

"ಕಲ್ಲೆಸ್ದಿರೋದು ನಿಜ. ಒಳಗ್ ಹಾಕ್ರಿ. ಹೆರಿಗೆ ಆಗೋಗಂಟ ಇಲ್ಲೇ ಇರ್ತೀವಿ. ನೀರು ಚೆನ್ನಾಗೈತೆ."

ಅವನು ನನ್ನನ್ನು ನೋಡಿದ. ದೊಡ್ಡವಳು, ಬುದ್ಧಿ ಹೇಳುತ್ತಾಳೆ ಅಂದುಕೊಂಡಿರಬೇಕು. ನಾನು ಹೆಗಲಿನ ಬಟ್ಟೆ ಹಾಸಿಕೊಂಡು ಗೋಡೆಗೊರಗಿ ಕೂತೆ.

ಹೊರಗೆ ಯಾರೋ ಜಗಳಕ್ಕೆ ನಿಂತ ಹಾಗೆ ಸದ್ದಾಯಿತು. ಪೊಲೀಸಿನವನು ಬಾಗಿಲಿಗೆ ಹೋಗಿ ಅಲ್ಲೇ ನಿಂತುಬಿಟ್ಟ. ನಾನು ಕತ್ತು ಚಾಚಿ ನೋಡಿದೆ. ನಮ್ಮ ಹಟ್ಟಿಯ ಹೆಂಗಸರು. ಒಂದು ಕೈಯಲ್ಲಿ ಖಾಲಿ ಕ್ಯಾನು, ಇನ್ನೊಂದು ಕೈಯಲ್ಲಿ ಒಂದೊಂದು ಕಲ್ಲು. ಕಂಕುಳಲ್ಲಿ ಕೂಸಿದ್ದವರು ಕಲ್ಲನ್ನು ಹೆಗಲಿನ ಬಟ್ಟೆಗೆ ಕಟ್ಟಿಕೊಂಡು ಬಂದಿದ್ದರು. ಸಾಲು ಟೀ ಅಂಗಡಿ ದಾಟಿ ರಸ್ತೆಯವರೆಗೆ ಹೋಗಿತ್ತು.

"ನಾವೂ ಎಸ್ದೋರೇ ಪಾಕ್," ಅಂದಳು ಮುಂದೆ ನಿಂತಿದ್ದವಳು. "ನಮ್ಮುನ್ನೂ ಇಡ್ಕಳಿ."

"ಎಲ್ಲಿ ಎಸೆದ್ರಿ? ಯಾವಾಗ?"

"ನೀವು ಇಡ್ಕಳಿಲ್ಲ ಅಂದ್ರೆ ಈಗ ಓಗಿ ಎಸೀತೀವಿ."

ದಾಸಿಯೆಂ ಕ್ಯಾನಿನ ನಲ್ಲಿ ತಿರುಗಿಸಿದಳು. ಗುಳುಗುಳು ಅಂತ ಒಂದು ಗುಳ್ಳೆ ಮೇಲೆ ಹೋಯಿತು, ಅಷ್ಟೆ. ಲೋಟ ಕೆಳಗಿಟ್ಟು ಪೊಲೀಸಿನವನ ಕಡೆ ತಿರುಗಿದಳು.

"ಇನ್ನೊಂದ್ ಕ್ಯಾನ್ ತರ್ಸಿ ಪಾಕ್," ಅಂದಳು. "ಜನ ಬತ್ತಾವ್ರೆ."